ವಿಮಾನದಲ್ಲಿ ಅಳದ ಮಗು

ಅತ್ತೆಗೆ ನಮಸ್ಕಾರ. ನಿಮ್ಮ ಮೊಮ್ಮಗಳೂ ನಾನೂ ಬಂದು ಸೇರಿದೆವು. ಮನೆಯಲ್ಲಿ ಗಳಿಗೆ ಹೊತ್ತು ಸುಮ್ಮನಿರದವಳು ವಿಮಾನ ಹತ್ತಿದಾಗಿನಿಂದ ಒಂದೇ ಸಮನೆ ನಿದ್ದೆ ಹೊಡೆದಳು. ಪಕ್ಕದ ಸೀಟಿನ ಹೆಂಗಸು, "ಎಂಥ ಸಾಧು ಮಗು ರೀ!" ಎಂದಳು. ಹೊರಡುವಾಗ ನೀವು ಅವಳನ್ನು ಅಡುಗೆಮನೆಗೆ ಎತ್ತಿಕೊಂಡು ಹೋಗಿ, ಬಾಯಿ ಒರೆಸುತ್ತಾ ತಂದುಕೊಟ್ಟದ್ದು ನೆನಪಾಯಿತು. ಮೂಗಿನ ಬಳಿ ಬೆರಳಿಟ್ಟು ಉಸಿರು ನೋಡಿದೆ, ಅಂಗಾಲು ಚಿವುಟಿದೆ. ಮುಖ ಕಿವುಚಿ ಮತ್ತೆ ಮಲಗಿದಳು. ದಾರಿಯುದ್ದಕ್ಕೂ ನಾನು ಕಣ್ಣು ಮುಚ್ಚಲಿಲ್ಲ.

ವಿಮಾನ ಇಳಿಯುವಾಗ ಕಿವಿ ನೊಂದಿತೋ ಏನೋ, ಸೂರು ಕಿತ್ತುಹೋಗುವಂತೆ ಕಿರುಚಿದಳು. ಎಲ್ಲರೂ ಮುಖ ಸಿಂಡರಿಸಿದರು, ನನಗೆ ಮಾತ್ರ ಹೋದ ಜೀವ ಬಂದಂತಾಯಿತು. ಇಲ್ಲಿನ ಡಾಕ್ಟರು ನೋಡಿ ತೊಂದರೆಯಿಲ್ಲ ಎಂದಿದ್ದಾರೆ, ಹಾಲು ಚೆನ್ನಾಗಿ ಕುಡಿಯುತ್ತಿದ್ದಾಳೆ.

ಆದರೆ ವಿಷಯ ಕೇಳಿದ ನಿಮ್ಮ ಮಗ ನನ್ನನ್ನೇ ಓರೆಗಣ್ಣಿನಿಂದ ನೋಡಿ, "ನಿಜ ಹೇಳು, ಮಲಗ್ಲಿ ಅಂತ ನೀನೇನಾದ್ರೂ ಕುಡಿಸಿದ್ಯಾ?" ಎಂದರು. ಆಣೆ ಮಾಡಿ ಇಲ್ಲವೆಂದೆ. ನಿಮ್ಮ ಹೆಸರು ಎತ್ತಲಿಲ್ಲ. ಏನು ಕೊಟ್ಟಿರೆಂದು ನನಗೊಬ್ಬಳಿಗೇ ಬರೆಯಿರಿ, ಕಾರ್ಡಿನಲ್ಲಿ ಬೇಡ, ಅಂಟಿಸಿದ ಕವರಿನಲ್ಲಿ.

ಅಗೋ, ಎದ್ದಳು.

ನಿಮ್ಮ ಸೊಸೆ