ಫಿನ್‌ಲೆಂಡಿನ ರಾಹುಕಾಲ

ಡಿ. 8, 2025, ಸೋಮವಾರ

ಒಪ್ಪಂದದ ಕರಡು ಮತ್ತೆ ತಿದ್ದಿದ್ದಾಯಿತು. ಫಿನ್‌ಲೆಂಡಿನ ಉತ್ತರ ತುದಿಯ ಯೂನಿವರ್ಸಿಟಿ, ಮುಳಬಾಗಿಲಿನ ನಮ್ಮ ಕಾಲೇಜು — ಹಸುಗಳಿಗೆ ಹುದುಗಿಸಿಡುವ ರಸಮೇವಿನ ಮೇಲೆ ಜಂಟಿ ಸಂಶೋಧನೆ. ಮೂರು ವರ್ಷ ಮೇಲ್ ಬರೆದು ಬರೆದು ಒಲಿಸಿದವಳು ನಾನು. ಸಹಿ ಬಿದ್ದರೆ ಬೇಸಿಗೆಗೆ ಅವರ ಲ್ಯಾಬ್‌ನಲ್ಲಿ ಎರಡು ತಿಂಗಳು. ಬೀಳದಿದ್ದರೆ ರಿಟೈರ್ ಆಗುವವರೆಗೆ ಅದೇ ಫಸ್ಟ್ ಇಯರ್ ಪಾಠ.

ಶುಕ್ರವಾರ ಕೊನೇ ದಿನ. ವಿಡಿಯೋ ಕಾಲ್‌ನಲ್ಲಿ ಸಹಿ. ಅಲ್ಲಿನ ಪ್ರೊಫೆಸರ್ ಕೈಸಾ ಕೊಟ್ಟ ಹೊತ್ತು — ನಮಗೆ ಮಧ್ಯಾಹ್ನ ಎರಡು, ಅವರಿಗೆ ಬೆಳಗ್ಗೆ ಹತ್ತೂವರೆ. ನಮ್ಮ ರಾಹುಕಾಲ ಹನ್ನೆರಡಕ್ಕೇ ಮುಗಿದಿರುತ್ತದೆ. ಅದನ್ನು ನೋಡಿಯೇ ಒಪ್ಪಿದ್ದು. ನಮ್ಮ ಚೇರ್ಮನ್ ನನಗೆ ಗೊತ್ತಿಲ್ಲವೇ?

ಡಿ. 10, ಬುಧವಾರ

ಗೊತ್ತಿಲ್ಲ.

ಚೇರ್ಮನ್ ವೆಂಕಟರಮಣ ಕನ್ನಡಕ ಹಣೆಗೇರಿಸಿದರು. "ಏಮಮ್ಮಾ ಶೋಭಾರಾಣಿ, ನಮ್ ಕಡೆ ಸರೇ. ಅವ್ರ ಕಡೆ? ಶುಕ್ರವಾರ ಹತ್ತೂವರೆ ಅಂದ್ರೆ ಅಲ್ಲಿ ರಾಹುಕಾಲ ಶುರು ಅಲ್ವಾ?"

"ಅವರು ಅದೆಲ್ಲ ನೋಡಲ್ಲ ಸರ್."

"ಅವ್ರು ನೋಡ್ದಿದ್ರೆ ರಾಹು ಬಿಡ್ತಾನಾ? ಹಾಸ್ಟೆಲ್ ಬೋರ್‌ವೆಲ್ ನೆನಪೈತಾ?"

ಇದೆ. ರಾಹುಕಾಲದಲ್ಲಿ ಕೊರೆಸಿದ್ದು, ಬರೀ ಧೂಳು. ಈ ಸೀಮೆಯಲ್ಲಿ ಯಾವ ಕಾಲದಲ್ಲಿ ಕೊರೆಸಿದರೂ ಧೂಳೇ ಎಂದು ಹೇಳುವವರು ಯಾರು?

ಬೇರೆ ಹೊತ್ತು ಕೇಳಿದೆ. ಕೈಸಾಗೆ ಬಿಡುವಿಲ್ಲ.

ಡಿ. 11, ಗುರುವಾರ

ಅಕೌಂಟೆಂಟ್ ಸಂಕರ್ಷಣ — ಬೆಳಗ್ಗೆ ದೇವಸ್ಥಾನದ ಪೂಜೆ, ಹತ್ತರ ಮೇಲೆ ಕಾಲೇಜಿನ ಲೆಕ್ಕ. ಅವರ ಮೊರೆಹೊಕ್ಕೆ.

"ಕ್ಯಾಲೆಂಡರ್ ರಾಹುಕಾಲ ಅಂದಾಜಿಂದು ಮೇಡಂ. ಆಯಾ ಊರಿನ ಸೂರ್ಯೋದಯದಿಂದ ಅಸ್ತದವರೆಗೆ ಎಂಟು ಭಾಗ ಮಾಡ್ಬೇಕು. ಅಲ್ಲಿ ಸೂರ್ಯ ಎಷ್ಟೊತ್ತಿಗೆ ಹುಟ್ತಾನೆ, ಕೇಳಿ."

ಕೇಳಿದೆ. ಕೈಸಾ ಉತ್ತರ ಒಂದೇ ಪದ — ಜನವರಿಯಲ್ಲಿ.

ಚಳಿಗಾಲದಲ್ಲಿ ಅಲ್ಲಿ ಸೂರ್ಯ ಹುಟ್ಟುವುದೇ ಇಲ್ಲ!

ಸಂಕರ್ಷಣ ಕ್ಯಾಲ್ಕುಲೇಟರ್ ಕೆಳಗಿಟ್ಟರು. "ಹಗಲೇ ಇಲ್ಲ ಅಂದ್ಮೇಲೆ ಭಾಗ ಮಾಡೋದೇನು? ರಾಹುಗೆ ರಜಾ."

ಡಿ. 12, ಶುಕ್ರವಾರ

ಸಹಿ ಆಯಿತು! ಕೈಸಾ ಕಿಟಕಿಯಾಚೆಯ ನೀಲಿ ಮಬ್ಬು ತೋರಿಸಿದರು. ಚೇರ್ಮನ್ ಕಣ್ಣಾರೆ ನೋಡಿ ಪೆನ್ನು ತೆಗೆದರು. "ಇಂಥ ಒಳ್ಳೇ ಊರು ನಾನು ನೋಡೇ ಇಲ್ಲಮ್ಮ."

ಸ್ಟಾಫ್ ರೂಮಿನ ಬಾತ್‌ರೂಮಿನಲ್ಲಿ ಖುಷಿಗೆ ಅತ್ತೆ. ಸಂಕರ್ಷಣರಿಗೆ ಅರ್ಧ ಕೆಜಿ ಮೈಸೂರ್‌ಪಾಕ್.

ಮೇ 23, 2026, ಶನಿವಾರ

ವೀಸಾ ಬಂತು. ಜೂನ್ ಹದಿನೈದಕ್ಕೆ ಫ್ಲೈಟ್. ರಜೆಯ ಆರ್ಡರ್‌ಗೆ ಚೇರ್ಮನ್ ಸಹಿಯೊಂದು ಬಾಕಿ.

"ಈಗ ಅಲ್ಲಿ ಸೂರ್ಯ ಬಂದನಾ ಮೇಡಂ?" — ಸಂಕರ್ಷಣ. ಬಾಯಿ ಮುಚ್ಚಿಕೊಂಡಿರಬೇಕಿತ್ತು. ನಿನ್ನೆ ಶುಕ್ರವಾರ ಹುಟ್ಟಿದವನು ಇನ್ನು ಜುಲೈವರೆಗೆ ಮುಳುಗುವುದೇ ಇಲ್ಲವಂತೆ ಎಂದುಬಿಟ್ಟೆ.

ಕ್ಯಾಲ್ಕುಲೇಟರ್ ಹೊರಬಂತು. ಎರಡು ತಿಂಗಳ ಒಂದೇ ಹಗಲು... ಎಂಟು ಭಾಗ... ಶುಕ್ರವಾರಕ್ಕೆ ನಾಲ್ಕನೆಯದು...

"ಜೂನ್ ಹದಿನಾಲ್ಕರಿಂದ ಇಪ್ಪತ್ತೆರಡು! ಒಂದೇ ರಾಹುಕಾಲ ಮೇಡಂ, ವಾರಕ್ಕೂ ಮೇಲೆ!" ಮನೆಯಲ್ಲಿ ಮೊಮ್ಮಗು ಹುಟ್ಟಿದ ಸಂಭ್ರಮ ಮುಖದಲ್ಲಿ.

"ನಿಮ್ಮ ದಮ್ಮಯ್ಯ, ಚೇರ್ಮನ್‌ಗೆ ಹೇಳ್ಬೇಡಿ."

"ಅಯ್ಯೋ, ನಾನ್ಯಾಕೆ ಹೇಳ್ಲಿ?"

ಮೇ 25, ಸೋಮವಾರ, ಬೆಳಗ್ಗೆ 7.40

ಚೇರ್ಮನ್ ಫೋನ್. ಎತ್ತಲಿಲ್ಲ. ಸೋಮವಾರ ಏಳೂವರೆಯಿಂದ ಒಂಬತ್ತು ಇಲ್ಲೇ ರಾಹುಕಾಲ, ಈ ಹೊತ್ತಿನಲ್ಲಿ ಮಾತಾಡುವುದು ಒಳ್ಳೆಯದಲ್ಲ. ಅವರೇ ಕಲಿಸಿದ್ದು.

ಮತ್ತೆ ಫೋನ್.

ರಾಹುಕಾಲದಲ್ಲಿ ಆ ಮನುಷ್ಯ ತಾವಾಗಿ ಫೋನ್ ಮಾಡುತ್ತಿದ್ದಾರೆ ಅಂದರೆ... ಜೂನ್ ಹದಿನಾಲ್ಕರ ಲೆಕ್ಕ ಅವರ ಕಿವಿಗೆ ಬಿದ್ದಾಯಿತು.