ಮೂರನೆಯವಳ ಸರದಿ

ಮನೆ, ಹೊಲಿಗೆ ಮೆಷಿನ್ನಿನ ಪಕ್ಕ
ಜೂನ್ ೧೪, ಶನಿವಾರ

ಪ್ರೀತಿಯ ಪುಟ್ಟಿಗೆ ಅಮ್ಮನ ಮುತ್ತುಗಳು.

ಹೇಗಿದ್ದೀಯ ಕಂದಾ? ಕಾಲಿನ ಬಾವು ಇಳಿಯಿತೇ? ಕೂತಾಗ ಕಾಲು ಇಳಿಬಿಡಬೇಡ, ಎದುರಿಗೆ ಇನ್ನೊಂದು ಕುರ್ಚಿ ಎಳೆದುಕೊಂಡು ಅದರ ಮೇಲೆ ಚಾಚಿಕೋ. ಏಳು ತಿಂಗಳ ಬಸುರಿ ಕಾಲು ಚಾಚಿ ಕೂತರೆ ಯಾರೂ ಜಂಭ ಅನ್ನುವುದಿಲ್ಲ, ಅಂದರೆ ಅನ್ನಲಿ. ಊಟ ಸೇರುತ್ತಿದೆಯೇ? ಅಳಿಯಂದಿರಿಗೆ ಗಣಿಯಲ್ಲಿ ರಾತ್ರಿ ಪಾಳಿ ತಪ್ಪಿತೇ? ಇಲ್ಲಿ ನಾನು ಚೆನ್ನಾಗಿದ್ದೇನೆ. ಹೀಗೆ ಬರೆದು, ಪೆನ್ನು ಕೆಳಗಿಟ್ಟು, ಎದ್ದು ಹೋಗಿ ನೀರು ಕುಡಿದು ಬಂದೆ. ಅಷ್ಟೇನೂ ಚೆನ್ನಾಗಿಲ್ಲ.

ನಿನ್ನ ಕಾಗದ ಬಂದಾಗಿನಿಂದ ಅದನ್ನು ಎಷ್ಟು ಸಲ ಓದಿದೆನೋ ನನಗೇ ಗೊತ್ತಿಲ್ಲ. ನಿಮ್ಮ ಕ್ವಾರ್ಟರ್ಸಿನಲ್ಲಿ ಹೆರಿಗೆಯ ಹೊತ್ತಿಗೆ ಹೊರಗಿನವರು ಒಬ್ಬರು ಮಾತ್ರ ಬಂದು ಇರಬಹುದು, ಆ ಒಬ್ಬರು ನಿಮ್ಮ ಅತ್ತೆಯೇ ಎಂದು ನಾವೆಲ್ಲ ಮೊದಲೇ ಆಡಿಕೊಂಡಿದ್ದೆವು. ಈಗ ನೀನು ಬೇರೆ ಬರೆದಿದ್ದೀಯ. "ಸಮುದ್ರದ ಗಾಳಿ ಆಗಲಿಲ್ಲ ಅಂತ ಪ್ರವಾಸ ಅರ್ಧಕ್ಕೇ ಬಿಟ್ಟು ಓಡಿ ಬಂದವರು ಮೂರು ದಿನದ ರೈಲನ್ನು ಹೇಗೆ ತಡೆದಾರು? ಅತ್ತೆ ಬೇಡ, ಅಮ್ಮಾ, ನೀನೇ ಬಾ. ಟಿಕೆಟ್ ಮಾಡಿಸುತ್ತೇವೆ." ಅಷ್ಟೇ ಅಲ್ಲ, ಫೋನಿನಲ್ಲಿ ಅವರಿಗೆ ನಾಲ್ಕು ಮಾತು ಅಂದೂಬಿಟ್ಟೆಯಂತೆ, ನಮ್ಮಮ್ಮ ಆಸೆಪಟ್ಟು ಹೋದ ರಜೆಯನ್ನು ನೀವು ಹಾಳು ಮಾಡಿದಿರಿ ಎಂದು. ಅವರು ಹೌದಮ್ಮ, ತಪ್ಪಾಯ್ತು ಅಂದರಂತೆ. ಆ ಸಾಲು ಓದಿದ ಮೇಲೆಯೇ ಈ ಕಾಗದ ಬರೆಯಲು ಕೂತೆ. ಟಿಕೆಟ್ಟಿನ ಮಾತು ಆಮೇಲೆ. ಮೊದಲು ಆ ಪ್ರವಾಸದ ಕಥೆ ನಿನಗೆ ಗೊತ್ತಾಗಬೇಕು.

ಇದೆಲ್ಲ ಶುರುವಾಗಿದ್ದು ಮಹಡಿ ಮನೆಯ ಟೀಚರಿನಿಂದ. ನಿನಗೆ ಗೊತ್ತಲ್ಲ, ಡ್ರಿಲ್ ಹೇಳಿಕೊಟ್ಟು ರಿಟೈರ್ ಆದರೂ ಅವಳಿಗೆ ಸೀಟಿ ಊದುವ ಚಾಳಿ ಹೋಗಿಲ್ಲ. ಒಂದು ದಿನ ಪೇಪರಿನ ಬಣ್ಣದ ಪುಟ ಹಿಡಿದುಕೊಂಡು ಬಂದಳು. ಒಂದೇ ಕರಾವಳಿಯ ಮೇಲೆ ಸಾಲಾಗಿ ಮೂರು ಊರು, ಸಿನಿಮಾದವರೂ ಸಾಹುಕಾರರೂ ಬೇಸಿಗೆ ಕಳೆಯುವ ಜಾಗ. "ಸಾಹುಕಾರರ ಊರಿಗೆ ನಮ್ಮ ಖರ್ಚಿನಲ್ಲಿ ಹೋಗಿ ಬರೋಣ ಬನ್ರೇ" ಅಂದಳು. ನಾನು, ಅವಳು, ನಿಮ್ಮ ಅತ್ತೆ. ಬೀಗಿತ್ತಿಯರು ಒಟ್ಟಿಗೆ ಪ್ರವಾಸ ಹೊರಟಿದ್ದನ್ನು ಕೇಳಿ ಬೀದಿಯವರೆಲ್ಲ ನಕ್ಕರು. ನಗಲಿ ಬಿಡು. ನೀವಿಬ್ಬರೂ ಅಷ್ಟು ದೂರ ಹೋದ ಮೇಲೆ ಸಂಜೆ ಹೊತ್ತು ನನ್ನ ಜೊತೆ ಕೂತು ಗುಂಡಿ ಹಚ್ಚಿಕೊಡುತ್ತಿದ್ದವರು, ಜ್ವರ ಬಂದಾಗ ಹಣೆ ಮುಟ್ಟಿ ನೋಡುತ್ತಿದ್ದವರು ಅವರೇ. ಬೀಗಿತ್ತಿ ಅನ್ನುವುದು ಹೆಸರಿಗಷ್ಟೇ ಆಗಿತ್ತು.

ಟೀಚರಿನ ಉಪಾಯ ಇಷ್ಟು: ಎಲ್ಲ ಊರಿನಲ್ಲೂ ಕೋಣೆ ಇಬ್ಬರ ಹೆಸರಿಗೆ ಮಾತ್ರ. ಮೂರನೆಯವಳು ಯಾರನ್ನೋ ನೋಡಲು ಬಂದವಳ ಹಾಗೆ ಸಂಜೆ ಒಳಗೆ ಬರುವುದು, ಹಿಂದಿನ ಮೆಟ್ಟಿಲು ಹತ್ತಿ ಕೋಣೆ ಸೇರುವುದು. ಒಂದೊಂದು ಊರಿನಲ್ಲಿ ಒಬ್ಬೊಬ್ಬಳ ಸರದಿ. ಊಟಕ್ಕೆ ಬ್ರೆಡ್ಡು, ಸೌತೆಕಾಯಿ, ಬೇಯಿಸಿದ ಮೊಟ್ಟೆ. ಮೊಟ್ಟೆ ಬೇಯಿಸಿದ್ದು ಹೋಟೆಲಿನವರು ಟೀಗೆಂದು ಇಟ್ಟಿದ್ದ ಕೆಟಲಿನಲ್ಲಿ! ಮೊದಲನೆಯ ಊರಿನಲ್ಲಿ ಟೀಚರೇ ಮೂರನೆಯವಳಾದಳು. ಎದೆ ಸೆಟೆಸಿಕೊಂಡು ಹೋಟೆಲಿನ ಯಜಮಾನಿಯ ಹಾಗೆ ನಡೆದಳು ನೋಡು, ಬಾಗಿಲು ಕಾಯುವವನು ಸಲಾಮು ಹೊಡೆದ. ಎರಡನೆಯ ಊರಿನಲ್ಲಿ ನಿಮ್ಮ ಅತ್ತೆ. ಅವರು ಮೆಟ್ಟಿಲಿನಲ್ಲಿ ಸಿಕ್ಕವರಿಗೆಲ್ಲ ನಮಸ್ಕಾರ ಹೇಳಿಕೊಂಡೇ ಬಂದರು. ಕೋಣೆಯೊಳಗೆ ಬಂದವರು ಹಾಸಿಗೆಯ ಮೇಲೆ ಬಿದ್ದುಕೊಂಡು ಹೊಟ್ಟೆ ಹಿಡಿದು ನಕ್ಕರು. ಇಡೀ ಆಯುಷ್ಯ ಆಸ್ಪತ್ರೆಯ ಬಟ್ಟೆ ಒಗೆಯುವ ಕೋಣೆಯಲ್ಲಿ ದುಡಿದವರಲ್ಲವೇ, ಟವೆಲನ್ನು ಬೆರಳಲ್ಲಿ ಉಜ್ಜಿ ನೋಡಿ "ನೀಲಿ ಜಾಸ್ತಿ ಹಾಕಿದ್ದಾರೆ" ಎಂದು ತೀರ್ಪು ಕೊಟ್ಟರು. ಅವರು ಸಮುದ್ರ ನೋಡಿದ್ದು ಆ ಪ್ರವಾಸದಲ್ಲೇ ಮೊದಲು. ಅಲೆ ಬಂದು ಮೊಣಕಾಲಿಗೆ ಬಡಿದಾಗ ಅವರು ಹಾಕಿದ ಕೂಗಿಗೆ ದಡದಲ್ಲಿದ್ದ ಸಾಹುಕಾರರೆಲ್ಲ ತಿರುಗಿ ನೋಡಿದರು. ನಿಜ ಹೇಳಬೇಕೆಂದರೆ ನಾನು ಆಗಲೇ ಸ್ವಲ್ಪ ದೂರ ಸರಿದು ನಿಂತಿದ್ದೆ.

ಮೂರನೆಯ ಊರು ಎಲ್ಲಕ್ಕಿಂತ ದೊಡ್ಡವರದು. ಅಲ್ಲಿ ಬೀದಿಗಳು ಮನೆಯೊಳಗಿನ ನೆಲದ ಹಾಗಿದ್ದವು, ಚಪ್ಪಲಿ ಬಿಟ್ಟು ನಡೆಯಬೇಕೇನೋ ಅನ್ನಿಸುತ್ತಿತ್ತು. ಅಂಗಡಿಯ ಗಾಜಿನ ಹಿಂದೆ ಒಂದೊಂದೇ ಉಡುಪು, ಬೆಲೆಯ ಚೀಟಿಯೇ ಇಲ್ಲ. ನನ್ನ ಕಣ್ಣು ಹೊಲಿಗೆಯ ಮೇಲೇ ಹೋಗುತ್ತಿತ್ತು. ಅಲ್ಲಿಯೂ ನಿಮ್ಮ ಅತ್ತೆಯೇ ಮೂರನೆಯವಳಾದರು. ನನ್ನ ಮಂಡಿ ನೋಯುತ್ತಿತ್ತು ಎಂದು ಅವರೇ ಒಪ್ಪಿಕೊಂಡರು. ಆ ಹೋಟೆಲಿನಲ್ಲಿ ಈಜುಕೊಳ, ಅದರ ಸುತ್ತ ಬಿಳಿ ಕೊಡೆಗಳ ಕೆಳಗೆ ಕಾಲು ಚಾಚುವ ಕುರ್ಚಿಗಳು. ಹೆಸರು ಬರೆಸಿದವರ ಮಣಿಕಟ್ಟಿಗೆ ನೀಲಿ ಕಾಗದದ ಪಟ್ಟಿಯೊಂದನ್ನು ಅಂಟಿಸಿದರು, ಅದಿದ್ದವರಿಗೆ ಮಾತ್ರ ಆ ಕುರ್ಚಿ. ನಾನೂ ಪಟ್ಟಿ ಕಟ್ಟಿಸಿಕೊಂಡು ಒಂದು ಕುರ್ಚಿಯಲ್ಲಿ ಒರಗಿದೆ. ಪಕ್ಕದ ಕುರ್ಚಿಯಲ್ಲಿ ಒಬ್ಬ ಹೆಂಗಸು, ಕಿವಿಯಲ್ಲಿ ಸಣ್ಣ ಮುತ್ತು, ಮಾತು ಮೆತ್ತಗೆ. ಏನು ಮಾಡುತ್ತೀರಿ ಅಂದರು. ಬಟ್ಟೆ ಅಂಗಡಿ ಇದೆ, ಆರು ಜನ ಹುಡುಗಿಯರು ಕೆಲಸಕ್ಕಿದ್ದಾರೆ ಅಂದೆ. ಮನೆಯ ಮುಂದಿನ ಕೋಣೆಯಲ್ಲಿ ಕೂತು ಪಕ್ಕದ ಬೀದಿಯವರ ಪ್ಯಾಂಟಿನ ಅಂಚು ಮಡಿಸಿ ಹೊಲಿಯುವವಳು ಆರು ಹುಡುಗಿಯರನ್ನು ಎಲ್ಲಿಂದ ಹುಟ್ಟಿಸಿದೆನೋ! ಒಮ್ಮೆ ಬುರುಡೆ ಬಿಟ್ಟ ಮೇಲೆ ನಿಲ್ಲಿಸಲಾಗಲಿಲ್ಲ. ಇನ್ನೊಂದು ಬ್ರಾಂಚ್ ತೆರೆಯುವ ಯೋಚನೆಯೂ ಇದೆ ಅಂದೆ.

ಅಷ್ಟರಲ್ಲಿ ನಿಮ್ಮ ಅತ್ತೆ ಬಂದರು. ಸ್ನಾನ ಮಾಡಿ, ಒದ್ದೆ ಕೂದಲು ಬೆನ್ನ ಮೇಲೆ ಹರವಿಕೊಂಡು, ಮನೆಯಲ್ಲಿ ಹಾಕುವ ಆ ಹಳೆಯ ಹೂವಿನ ಬಟ್ಟೆಯಲ್ಲಿ, ಕೈಯಲ್ಲಿ ಸುಲಿದ ಮೊಟ್ಟೆ ಹಿಡಿದು. "ಇನ್ನೂ ಬಿಸಿ ಇದೆ, ತಿನ್ನಿ" ಎಂದು ನಮ್ಮ ಎದುರಿನ ಕುರ್ಚಿಯಲ್ಲಿ ಕೂತರು. ಬಿಳಿ ಅಂಗಿಯ ಕೆಲಸಗಾರನೊಬ್ಬ ಬಂದು ಅವರ ಮಣಿಕಟ್ಟು ನೋಡಿದ. ಪಟ್ಟಿ ಎಲ್ಲಿ ಅಂದ. ಅವರು ನಗುನಗುತ್ತಾ ನಮ್ಮ ಕಡೆ ಕೈ ತೋರಿಸಿ, ಇವರ ಜೊತೆ ಬಂದಿದ್ದೀನಪ್ಪ ಅಂದರು. ಅವನು ನಮ್ಮನ್ನು ಕೇಳಿದ. ಗೊತ್ತಿಲ್ಲ, ಯಾರೋ ಏನೋ ಎಂಬ ಮಾತು ಟೀಚರಿನ ಬಾಯಿಂದ ಬಂದುಬಿಟ್ಟಿತು. ನಾನು ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಅಲ್ಲ, ಇವರು ನಮ್ಮವರು ಅನ್ನಬೇಕಿತ್ತು, ಅನ್ನಲಿಲ್ಲ. ಆ ತಪ್ಪು ನನ್ನದು, ಅದನ್ನು ನಾನು ಇಲ್ಲವೆನ್ನುವುದಿಲ್ಲ. ನಿಮ್ಮ ಅತ್ತೆ ಒಂದು ಗಳಿಗೆ ನೋಡಿದರು. ಆಮೇಲೆ ಎದ್ದು ನಿಂತು ಅವನಿಗೆ "ತಪ್ಪಾಯ್ತಪ್ಪ, ಬೇರೆ ಯಾರೋ ಅಂದ್ಕೊಂಡೆ" ಅಂದರು. ಅವನು ಅವರನ್ನು ಗೇಟಿನ ತನಕ ಕರೆದುಕೊಂಡು ಹೋಗಿ ಬಿಟ್ಟುಬಂದ. ಅವರ ಚೀಲ ನಮ್ಮ ಕೋಣೆಯಲ್ಲೇ ಇತ್ತು. ಪರಿಚಯವೇ ಇಲ್ಲದವರ ಕೋಣೆಯಿಂದ ಚೀಲ ಕೇಳುವುದು ಹೇಗೆ? ಕುತ್ತಿಗೆಯಲ್ಲಿ ಸಣ್ಣ ಪರ್ಸು ನೇತುಹಾಕಿಕೊಳ್ಳುವ ಅಭ್ಯಾಸ ಇತ್ತಾದ್ದರಿಂದ ಬಸ್ಸಿಗಾದರೂ ಆಯಿತು. ಅದೇ ಬಟ್ಟೆಯಲ್ಲಿ, ಒದ್ದೆ ಕೂದಲಿನಲ್ಲಿ, ಬಚ್ಚಲಿನ ಚಪ್ಪಲಿಯಲ್ಲಿ ಒಬ್ಬರೇ ಊರಿಗೆ ಬಂದಿದ್ದಾರೆ ಪುಟ್ಟಿ. ನಾವು ಬಸ್ ನಿಲ್ದಾಣಕ್ಕೆ ಹುಡುಕಿಕೊಂಡು ಹೋಗುವ ಹೊತ್ತಿಗೆ ಬಸ್ಸು ಹೋಗಿಯಾಗಿತ್ತು.

ಆದ್ದರಿಂದ ಗಾಳಿ ಆಗಲಿಲ್ಲ ಅನ್ನುವುದು ಪೂರ್ತಿ ಸರಿಯಲ್ಲ, ಸ್ವಲ್ಪ ಮನಸ್ಸಿಗೆ ನೋವಾಗಿ ಬಂದರು ಎಂದು ತಿಳಿದುಕೋ. ನನಗೆ ನಾಚಿಕೆಯಾಗಿದೆ. ಅವರ ಚೀಲದಲ್ಲಿದ್ದ ಬಟ್ಟೆಯನ್ನೆಲ್ಲ ಒಗೆದು, ಇಸ್ತ್ರಿ ಮಾಡಿ, ಸಡಿಲವಾಗಿದ್ದ ಗುಂಡಿಗಳನ್ನು ಬಿಗಿ ಮಾಡಿ ಇಟ್ಟಿದ್ದೇನೆ, ಕೊಟ್ಟು ಬರಲು ಮಾತ್ರ ಕಾಲು ಏಳುತ್ತಿಲ್ಲ. ಅವರ ಮನೆ ಎರಡು ಬೀದಿ ಆಚೆ, ನಾನು ಅಂಗಡಿಗೆ ಸುತ್ತು ಹಾಕಿಕೊಂಡು ಬೇರೆ ದಾರಿಯಲ್ಲಿ ಹೋಗುತ್ತಿದ್ದೇನೆ. ಟೀಚರ್ ಕೂಡ ಬರುವಾಗ ಬಸ್ಸಿನಲ್ಲಿ ಬೇರೆ ಸೀಟಿನಲ್ಲಿ ಕೂತಳು, ತುಂಬಾ ಜನ ಇದ್ದರು. ಇನ್ನು ನಾನು ಬರುವ ವಿಚಾರ. ನೀನು ಅಷ್ಟು ಬರೆದ ಮೇಲೆ ಇಲ್ಲ ಅನ್ನಲು ನನಗೇನು ಕಲ್ಲು ಮನಸ್ಸೇ? ನಿನ್ನ ಮಗುವನ್ನು ಮೊದಲು ಎತ್ತಿಕೊಳ್ಳುವ ಆಸೆ ನನಗೂ ಇಲ್ಲದೆ ಇರುತ್ತದೆಯೇ? ನೀವಿಬ್ಬರೂ ಯೋಚಿಸಿ ಹೇಗೆ ಅನ್ನುತ್ತೀರೋ ಹಾಗೆ.

ಭಾರ ಎತ್ತಬೇಡ. ಬಕೆಟ್ಟು ಕೂಡ. ಅಳಿಯಂದಿರಿಗೆ ನಾನು ಕೇಳಿದೆನೆಂದು ಹೇಳು. ಹೊಟ್ಟೆಯೊಳಗಿನ ತುಂಟನಿಗೋ ತುಂಟಿಗೋ ಅಜ್ಜಿಯ ಆಶೀರ್ವಾದ. ನಿನಗೆ ಸುಖವಾಗಿ ಹೆರಿಗೆಯಾಗಲಿ.

ಹಗಲೂ ಇರುಳೂ ನಿನ್ನದೇ ಧ್ಯಾನದಲ್ಲಿರುವ
ನಿನ್ನಮ್ಮ

ತಾ.ಕ.: ಲಕೋಟೆಗೆ ಅಂಟು ಹಚ್ಚುತ್ತಿದ್ದಾಗ ನಿಮ್ಮ ಅತ್ತೆ ಫೋನ್ ಮಾಡಿದರು. ನೀನು ನನ್ನನ್ನು ಕರೆದಿದ್ದು ಅವರಿಗೆ ಗೊತ್ತು. "ನಿಮ್ಮ ಪೆಟ್ಟಿಗೆಯ ಚಕ್ರ ಮುರಿದಿದೆಯಲ್ಲ, ನಮ್ಮನೆ ದೊಡ್ಡ ಪೆಟ್ಟಿಗೆ ತಗೊಂಡ್ಹೋಗಿ. ಅಲ್ಲಿ ಚಳಿ ಜಾಸ್ತಿಯಂತೆ, ಶಾಲು ಇಟ್ಟುಕೊಳ್ಳಿ" ಅಂದರು. ಅವರ ಚೀಲದ ಸುದ್ದಿ ಎತ್ತಲೇ ಇಲ್ಲ. ಫೋನಿಟ್ಟು ಬಂದು ಇದನ್ನು ಬರೆಯುತ್ತಿದ್ದೇನೆ, ಪೋಸ್ಟ್ ಡಬ್ಬಿ ತೆರೆಯುವ ಹೊತ್ತಾಯಿತು, ಅಕ್ಷರ ಹೇಗಿದ್ದರೂ ಓದಿಕೋ. ಟೀಚರ್ ಆ ಮಾತು ಆಡಲಿಲ್ಲ. ಟೀಚರ್ ಅಲ್ಲಿರಲೇ ಇಲ್ಲ, ಸಮುದ್ರದಲ್ಲಿದ್ದಳು. ಬಂದು ವಿಷಯ ತಿಳಿದ ಮೇಲೆ ಇವತ್ತಿನವರೆಗೂ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. "ಇವರು ಯಾರೋ ನಂಗೊತ್ತಿಲ್ಲ" ಅಂದಿದ್ದು ನಾನು. ಅವನು ಎರಡು ಸಲ ಕೇಳಿದ, ನಾನು ಎರಡು ಸಲವೂ ಅಂದೆ. ಆ ಊರಿನಲ್ಲಿ ಮೂರನೆಯವಳ ಸರದಿ ನನ್ನದಾಗಿತ್ತು, ಮಂಡಿಗೆ ಏನೂ ಆಗಿರಲಿಲ್ಲ, ನನಗೆ ಆ ನೀಲಿ ಪಟ್ಟಿ ಬೇಕಿತ್ತು. ನಿಮ್ಮ ಅತ್ತೆಗೆ ಸಮುದ್ರದ ಗಾಳಿ ಚೆನ್ನಾಗಿ ಆಗುತ್ತದೆ, ರೈಲೂ ಆಗುತ್ತದೆ. ನಿನ್ನ ಮುಂದೆ ನನ್ನ ಮಾನ ಹೋಗಬಾರದೆಂದು ಅವರು ಮೊಮ್ಮಗುವನ್ನೇ ಬಿಟ್ಟುಕೊಟ್ಟು ಕೂತಿದ್ದಾರೆ. ಅಳಿಯಂದಿರಿಗೂ ಇದನ್ನು ಓದಿ ಹೇಳು, ಒಂದಕ್ಷರ ಬಿಡಬೇಡ. ಟಿಕೆಟ್ಟು ನಿಮ್ಮ ಅತ್ತೆಯ ಹೆಸರಿಗೆ ಮಾಡಿಸು.