ಬಾಯಿಪಾಠದ ಕಣ್ಣು

ಜೂನ್ 24. ಸಂಜೆ, ಡೊಂಬಿವಲಿ ಲೋಕಲ್ ರೈಲು
ಥಾಣೆಯಲ್ಲಿ ಟೀಚರುಗಳಿಗೆ ಮಕ್ಕಳ ಆರೋಗ್ಯದ ಟ್ರೈನಿಂಗ್ ಮುಗಿಯಿತು. ಎಪ್ಪತ್ತು ಸ್ಲೈಡ್. ಹಿಂದಿನ ಸಾಲಿನಲ್ಲಿ ಕುಳಿತು ಕ್ಲಾಸಿನ ಪೇಪರ್ ತಿದ್ದಿದೆ. ಕೊನೆಯ ಪರೀಕ್ಷೆಯ ಉತ್ತರ ವಾಟ್ಸಾಪ್ ಗ್ರೂಪಿಗೇ ಬಂತು — ಇಪ್ಪತ್ತಕ್ಕೆ ಇಪ್ಪತ್ತು. ಕಣ್ಣಿನ ಚಾರ್ಟ್ ಕೊಟ್ಟಿದ್ದಾರೆ. ಸಾಲು ಸಾಲು ಇಂಗ್ಲಿಷ್ ‘ಇ’. ಅದರ ಕಾಲು ಯಾವ ಕಡೆಗಿದೆ ಎಂದು ಮಗು ಹೇಳಬೇಕು. ಮೊದಲು ಮಕ್ಕಳಿಗೆ ರೂಢಿ ಮಾಡಿಸಿ ಎಂದರು ತರಬೇತಿ ಕೊಟ್ಟ ರಮಾಕಾಂತ ಸರ್. ಯಾರ ಕಣ್ಣನ್ನೂ ಯಾರೂ ಪರೀಕ್ಷಿಸಿ ನೋಡಲಿಲ್ಲ.

ಜೂನ್ 30
ರೂಢಿ ಮಾಡಿಸುವುದನ್ನು ನನಗೆ ಹೇಳಿಕೊಡಬೇಕೇ? ಚಾರ್ಟನ್ನು ಮಗ್ಗಿಯ ಪಕ್ಕ ನೇತುಹಾಕಿದೆ. ದಿನಾ ಬೆಳಿಗ್ಗೆ ನಾಲ್ಕನೇ ಕ್ಲಾಸು ಒಕ್ಕೊರಲಿನಿಂದ — ಮೇಲೆ, ಬಲ, ಕೆಳಗೆ, ಎಡ... ಕೈಸನ್ನೆ ಸಮೇತ. ವಿಡಿಯೋ ಗ್ರೂಪಿಗೆ ಹಾಕಿದೆ. ಸರ್ ‘ಆದರ್ಶ’ ಎಂದು ಬರೆದರು. ರಬಾಳೆಯ ನಮ್ಮ ಪುಟ್ಟ ಕನ್ನಡ ಶಾಲೆಗೆ!

ಜುಲೈ 11
ಮೂವತ್ತೆಂಟು ಮಕ್ಕಳ ಕಣ್ಣು ಒಂದೇ ಪೀರಿಯಡ್ಡಿನಲ್ಲಿ. ಎಲ್ಲ ನಾರ್ಮಲ್. ನನ್ನ ಕ್ಲಾಸಿನ ಅನಸೂಯಾಳ ತಾಯಿ ಮರಗಮ್ಮ ಬಂದಿದ್ದಳು, ಕಟ್ಟಡದ ಕೆಲಸದವಳು. ಮಗಳು ಕತ್ತು ಓರೆ ಮಾಡಿ ಟಿವಿ ನೋಡುತ್ತಾಳಂತೆ. ಕಣ್ಣು ಚೆನ್ನಾಗಿದೆ ಎಂದು ಕಾರ್ಡ್ ಬರೆದು ಕೊಟ್ಟು ಕಳಿಸಿದೆ.

ಸೆಪ್ಟೆಂಬರ್ 9
ಆಟದಲ್ಲಿ ಅನಸೂಯಾಳ ಬಲಗಣ್ಣಿಗೆ ಮಣ್ಣು ಬಿತ್ತು. ಆ ಕಣ್ಣು ಮುಚ್ಚಿಕೊಂಡು ಬಂದವಳು ಬಾಗಿಲ ಚೌಕಟ್ಟಿಗೆ ಹಾಯ್ದಳು. ಚಾರ್ಟನ್ನು ತಲೆಕೆಳಗು ಮಾಡಿ ಹಿಡಿದು, ಎಡಗಣ್ಣಲ್ಲಿ ನೋಡಿ ಹೇಳು ಎಂದೆ. ಒಂದಿಷ್ಟೂ ತಡವರಿಸದೆ ಹೇಳಿದಳು — ಮೇಲೆ, ಬಲ, ಕೆಳಗೆ, ಎಡ.

ಸೆಪ್ಟೆಂಬರ್ 11
ಎಡಗಣ್ಣು ನೋಡುವುದನ್ನೇ ಕಲಿತಿಲ್ಲ ಎಂದರು ಡಾಕ್ಟರ್. ಅವಳಿಗೆ ಒಂಬತ್ತು ವರ್ಷವಾಯಿತು, ಒಂದೊಂದು ತಿಂಗಳೂ ಮುಖ್ಯ. ಕನ್ನಡಕ ಹಾಕಿ ಬಲಗಣ್ಣಿಗೆ ಪಟ್ಟಿ ಕಟ್ಟೋಣ, ಎಷ್ಟು ಬರುತ್ತದೋ ಹೇಳಲಾರೆ ಎಂದರು. ಮರಗಮ್ಮ ಇಷ್ಟೇ ಅಂದಳು — “ನೀವೇ ಚೊಲೋ ಅದ ಅಂತ ಬರದು ಕೊಟ್ಟಿದ್ರಿ. ಅದಕ್ಕ ಸುಮ್ನಿದ್ದೆ.” ಬೈದಿದ್ದರೆ ಚೆನ್ನಾಗಿತ್ತು.

ಸೆಪ್ಟೆಂಬರ್ 19
ಮತ್ತೆ ಥಾಣೆಯಲ್ಲಿ ಟ್ರೈನಿಂಗ್. ‘ಆದರ್ಶ’ ವಿವರಿಸಲು ನನ್ನನ್ನೇ ಕರೆದಿದ್ದರು. ಶಾಲೆಯ ಹೆಸರು ಕೆಡಿಸಬೇಡಿ ಎಂದಿದ್ದರು ಹೆಡ್‌ಮಾಸ್ಟರು. ಎಲ್ಲ ಹೇಳಿಬಿಟ್ಟೆ. ಊಟಕ್ಕೆ ಮೊದಲು ಅರ್ಧ ಗಂಟೆ ಬೇಡಿ ಪಡೆದೆ. ದೂರ ಅಳೆಯಲು ಆರು ಮೀಟರ್ ಹಗ್ಗ, ತಲೆಕೆಳಗಾದ ಚಾರ್ಟು. ಟೀಚರುಗಳೇ ಒಬ್ಬರ ಕಣ್ಣನ್ನು ಇನ್ನೊಬ್ಬರು ನೋಡಿದರು. ಇಬ್ಬರಿಗೆ ತಮ್ಮದೇ ದೋಷ ಅಲ್ಲೇ ಗೊತ್ತಾಯಿತು. ಜೂನಿನಲ್ಲಿ ಈ ಅರ್ಧ ಗಂಟೆ ಇದ್ದಿದ್ದರೆ... ಇದ್ದರೂ ನಾನು ಪೇಪರ್ ತಿದ್ದುತ್ತಿದ್ದೆ.
ಹೊರಗೆ ಕಳಂಬೋಲಿ ಶಾಲೆಯ ಲತೇಶ್ ಸರ್ ತಡೆದು ನಿಲ್ಲಿಸಿದರು. ಮುಖ ಬಿಳಿಚಿತ್ತು. “ದಮಯಂತಿ ಮೇಡಂ, ನಿಮ್ಮ ವಿಡಿಯೋ ನೋಡಿ ನಾವೂ ಹಾಗೇ ಮಾಡಿಸಿದ್ದು. ನಮ್ಮಲ್ಲೂ ಎಲ್ಲ ನಾರ್ಮಲ್.”
ಗ್ರೂಪಿನಲ್ಲಿ ಇನ್ನೂರ ಹತ್ತು ಜನ.

ಅಕ್ಟೋಬರ್ 9. ಮಧ್ಯಾಹ್ನ, ಕ್ಲಾಸಿನಲ್ಲೇ
ಮತ್ತೊಮ್ಮೆ ನೋಡಿ, ಚಾರ್ಟ್ ತಿರುಗಿಸಿ ನೋಡಿ ಎಂದು ಗ್ರೂಪಿಗೆ ಏಳು ಸಲ ಬರೆದೆ. ಉತ್ತರವಾಗಿ ಹೆಬ್ಬೆರಳಿನ ಚಿತ್ರಗಳಷ್ಟೇ ಬರುತ್ತವೆ. ಲತೇಶ್ ಸರ್ ಒಬ್ಬರೇ ನೋಡಿದ್ದು — ದೋಷವಿದ್ದ ಮೂರು ಮಕ್ಕಳು ಸಿಕ್ಕರು. ಉಳಿದವರು ರಿಪೋರ್ಟ್ ಅಪ್‌ಲೋಡ್ ಆಗಿದೆಯಲ್ಲ ಎನ್ನುತ್ತಾರೆ. ಏನು ಮಾಡಲಿ? ಯಾರ ಕಾಲು ಹಿಡಿಯಲಿ?
ನಾಳೆ ಅನಸೂಯಾಳಿಗೆ ಮರುತಪಾಸಣೆ. ಈಗ ತಾನೇ ಮೇಜಿನ ಬಳಿ ಬಂದಿದ್ದಳು, ಬಲಗಣ್ಣಿಗೆ ಪಟ್ಟಿ. ಸಣ್ಣ ದನಿಯಲ್ಲಿ ಕೇಳಿದಳು — “ಡಾಕ್ಟರ್ ಬಳಿ ಇರೋ ಚಾರ್ಟೂ ಹೇಳಿಕೊಡ್ರಿ ಟೀಚರ್. ಬಾಯಿಪಾಠ ಮಾಡ್ತೀನಿ. ಈ ಸಲ ತಪ್ಪು ಮಾಡಂಗಿಲ್ಲ.”
ತಪ್ಪು ನಿನ್ನದಲ್ಲ ಎಂದು ಹೇಳಲು ಬಾಯಿ ತೆರೆದೆ. ಅಷ್ಟರಲ್ಲಿ ಅವಳು ನನ್ನ ಮುಖದ ಹತ್ತಿರ ಹತ್ತಿರ ಬಂದು, ಕಣ್ಣು ಕಿರಿದು ಮಾಡಿ, ಮೊದಲ ಸಾಲು ಹೇಳಿಕೊಡುತ್ತೇನೆಂದು ನನ್ನ ತುಟಿಗಳನ್ನೇ ನೋಡತೊಡಗಿದಳು.